ಸುರಪುರದ ಟೇಲರ್ ಕಾದಂಬರಿ ಮಾಡದ ಕತೆ

ಸುರಪುರದಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ನೋಡಿ ಬಂದವರಿಗೆ ಫಿಲಿಪ್ ಮೆಡೋಸ್ ಟೇಲರ್ ಬರೀ ಬ್ರಿಟಿಷ್ ಅಧಿಕಾರಿ. ಇಂಗ್ಲೆಂಡಿನ ಓದುಗರಿಗೆ ಆತ ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಗ್ಗರ ಕತೆ ಹೇಳಿದ ಕಾದಂಬರಿಕಾರ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್, ಹದಿನೈದರ ಹುಡುಗನಾಗಿದ್ದಾಗ ಮುಂಬಯಿಯ ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲು ಬಂದ. ಅಲ್ಲಿ ಗಿಟ್ಟಲಿಲ್ಲ, ನಿಜಾಮನ ಸೈನ್ಯ ಸೇರಿದ. ಅಲ್ಲಿಂದ ಮುಂದೆ ಅವನ ಬರವಣಿಗೆಯೆಲ್ಲ ಕಚೇರಿ ಕೆಲಸದ ಜೊತೆಜೊತೆಗೇ ಬೆಳೆಯಿತು. 1839ರ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಗೆ ಮಾಫಿ ಸಾಕ್ಷಿಗಳಾದ ಠಗ್ಗರ ಹೇಳಿಕೆಗಳೇ ಕಚ್ಚಾ ಸರಕು. ಕಾದಂಬರಿಯ ಠಗ್ಗ ಅಮೀರ್ ಅಲಿ ಸಾಹೇಬನೆದುರು ಕೂತು ತನ್ನ ಕೊಲೆಗಳನ್ನು ಒಪ್ಪಿಸುತ್ತಾ ಹೋಗುವ ರೀತಿ ಥೇಟ್ ಕಚೇರಿಯಲ್ಲಿ ಬರೆದುಕೊಳ್ಳುವ ಜಬಾನಿ ಹೇಳಿಕೆಯದು.

ಮುಂದಿನ ವರ್ಷವೇ ಟಿಪ್ಪುವಿನ ಮೇಲೆ ಕಾದಂಬರಿ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದಂಬರಿಯಿಲ್ಲ. ಆ ಅವಧಿಯ ಬಹುಪಾಲು ಸುರಪುರದ್ದು. ರಾಜನಕೋಳೂರಿನ ಶಿಲಾಸಮಾಧಿಗಳನ್ನು ಅಳೆದ, ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಸಿದ. ಇವಕ್ಕೂ ಐರ್ಲೆಂಡಿನ ಕೆಲ್ಟ್ ಜನರಿಗೂ ನಂಟು ಕಲ್ಪಿಸಿದ್ದು ತಪ್ಪಾಯಿತು ಬಿಡಿ. ಆದರೆ ಮಣ್ಣಿನ ಪದರ, ಎಲುಬು, ಮಡಕೆ ಯಾವುದು ಎಲ್ಲಿತ್ತೆಂದು ತೋರಿಸುವ ಅವನ ಅಡ್ಡಸೀಳು ನಕ್ಷೆಗಳನ್ನು ಮುಂದೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್‌ನೇ ಮೆಚ್ಚಿದ.

1860ರಲ್ಲಿ ಊರಿಗೆ ಮರಳಿದ ಮೇಲೆ ಮೂರು ಕಾದಂಬರಿ ಬಂದವು: ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’. ಕತೆ ನಡೆಯುವ ಕಾಲ ಕ್ರಮವಾಗಿ 1657, 1757, 1857. ನೂರು ನೂರು ವರ್ಷದ ಈ ಲೆಕ್ಕಾಚಾರ ನನಗೆ ತುಸು ಅತಿಯೆನಿಸುತ್ತದೆ. ನಡುವೆ 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವನ್ನೂ ಬರೆದ. ಚಾಂದ್ ಬೀಬಿಯ ಕಾಲದ ‘ಎ ನೋಬಲ್ ಕ್ವೀನ್’ನಲ್ಲಿ ಕೃಷ್ಣಾ ತೀರ, ಜಲದುರ್ಗ, ಬೇಡ ನಾಯಕರು ಬರುತ್ತಾರೆ. ಸುರಪುರದಲ್ಲಿ ಓಡಾಡಿದವನಿಗಷ್ಟೇ ಸಿಗುವ ವಿವರಗಳವು. ಆ ಪುಸ್ತಕ ಹೊರಬರುವ ಹೊತ್ತಿಗೆ ಟೇಲರ್ ತೀರಿಕೊಂಡಿದ್ದ.

ಆದರೆ ಸುರಪುರದ್ದೇ ದೊಡ್ಡ ಕತೆಯನ್ನು ಆತ ಕಾದಂಬರಿ ಮಾಡಲಿಲ್ಲ. ಬಾಲಕ ರಾಜ ವೆಂಕಟಪ್ಪ ನಾಯಕನನ್ನು ಬೆಳೆಸಿದವನೇ ಟೇಲರ್. ಹುಡುಗ ಅವನನ್ನು ಕರೆಯುತ್ತಿದ್ದುದು ‘ಅಪ್ಪಾ’ ಎಂದು. 1858ರಲ್ಲಿ ಅದೇ ಹುಡುಗ ಕಂಪನಿಯ ವಿರುದ್ಧ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದ. ಮರಣದಂಡನೆ ತಗ್ಗುತ್ತಾ ಬಂದು ನಾಲ್ಕು ವರ್ಷದ ಸೆರೆಗೆ ನಿಂತಿತು. ಮದರಾಸಿನ ಕಡೆಗೆ ಒಯ್ಯುತ್ತಿದ್ದಾಗ ಕಾವಲು ಅಧಿಕಾರಿಯ ರಿವಾಲ್ವರ್‌ನ ಗುಂಡಿಗೆ ಪ್ರಾಣ ಹೋಯಿತು. ಇಪ್ಪತ್ನಾಲ್ಕನೇ ವರ್ಷಕ್ಕೆ ಸಾವು ಎಂದು ಹುಡುಗನ ಜಾತಕ ಹೇಳಿದ್ದನ್ನು ಟೇಲರ್ ಮೊದಲೇ ಬಲ್ಲ. ಈ ಸಂಗತಿಯೆಲ್ಲ ಸಿಗುವುದು ಅವನ ಆತ್ಮಕತೆಯಲ್ಲಿ. ಅದೂ ಅಚ್ಚಾದದ್ದು ಅವನು ಸತ್ತ ಮರುವರ್ಷ, 1877ರಲ್ಲಿ.