ಸೆಟ್ಟು ಗೇಮಿನದೇ, ಫೋಟೊ ಮಾತ್ರ ಆಟಿಕೆಯದು: ಎಲ್ಲಿ ತಪ್ಪುತ್ತಿದೆ?

ಓದುಗರ ಪ್ರಶ್ನೆ: ಇಷ್ಟದ ವಿಡಿಯೊ ಗೇಮಿನ ದೃಶ್ಯಗಳನ್ನು ಲೆಗೊ ಆಟಿಕೆ ಇಟ್ಟಿಗೆಗಳು ಮತ್ತು ಅವುಗಳ ಜೊತೆ ಬರುವ ಪುಟ್ಟ ಗೊಂಬೆಗಳಾದ ಮಿನಿಫಿಗರ್‌ಗಳಲ್ಲಿ ಕಟ್ಟಿ ಫೋಟೊ ತೆಗೆಯುತ್ತಿದ್ದೇನೆ. ಗೋಡೆ, ಬಾಗಿಲು, ಕೈಲಿರುವ ಕತ್ತಿ ಎಲ್ಲವೂ ಗೇಮಿನಲ್ಲಿದ್ದಂತೆಯೇ ಇವೆ. ಆದರೂ ಫೋಟೊ ನೋಡಿದವರಿಗೆ ಮೇಜಿನ ಮೇಲಿಟ್ಟ ಗೊಂಬೆಯೇ ಕಾಣುತ್ತದೆ. ಯಾಕೆ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಸೆಟ್ಟನ್ನು ಚೆನ್ನಾಗಿಯೇ ಕಟ್ಟಿರುತ್ತಾರೆ. ಎಡವುವುದು ಕ್ಯಾಮೆರಾ ಇಡುವ ಜಾಗದಲ್ಲಿ. ಗೇಮಿನೊಳಗೂ ಒಂದು ಕ್ಯಾಮೆರಾ ಇದೆ. ನಾವು ಗಂಟೆಗಟ್ಟಲೆ ಆಡಿ ಮನಸ್ಸಿನಲ್ಲಿ ಉಳಿಸಿಕೊಂಡಿರುವುದು ಆ ಕ್ಯಾಮೆರಾ ತೋರಿಸಿದ ನೋಟವನ್ನು. ಹಾಗಾಗಿ ಗೇಮಿನ ಸ್ಕ್ರೀನ್‌ಶಾಟ್ ಮುಂದಿಟ್ಟುಕೊಂಡು, ಅದರ ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿ ನಿಂತಿದೆ ಎಂದು ಮೊದಲು ಪತ್ತೆಮಾಡಿ. ಇಟ್ಟಿಗೆ ಜೋಡಿಸುವ ಕೆಲಸ ಆಮೇಲೆ.

ಒಂದು ಸಣ್ಣ ಲೆಕ್ಕ ಹಾಕೋಣ. 1978ರಲ್ಲಿ ಬಂದ ಮಿನಿಫಿಗರ್‌ನ ಎತ್ತರ ಸುಮಾರು 4 ಸೆಂಟಿಮೀಟರ್. 170 ಸೆಂಟಿಮೀಟರ್ ಎತ್ತರದ ಮನುಷ್ಯನಿಗೆ ಹೋಲಿಸಿದರೆ ಅದು ಹೆಚ್ಚುಕಡಿಮೆ 42 ಪಟ್ಟು ಚಿಕ್ಕದು. ಗೇಮಿನ ಕ್ಯಾಮೆರಾ ನಾಯಕನ ಬೆನ್ನ ಹಿಂದೆ 2 ಮೀಟರ್ ದೂರದಲ್ಲಿದ್ದರೆ, ನಿಮ್ಮ ಲೆನ್ಸ್ ಗೊಂಬೆಯ ಬೆನ್ನಿನಿಂದ ಬರೀ 5 ಸೆಂಟಿಮೀಟರ್ ಹಿಂದಿರಬೇಕು, ನೆಲದಿಂದ 3 ಸೆಂಟಿಮೀಟರ್ ಮೇಲಿರಬೇಕು. ಈಗ ಕುರ್ಚಿಯಲ್ಲಿ ಕೂತು, ಫೋನನ್ನು ಮೇಜಿನಿಂದ 40 ಸೆಂಟಿಮೀಟರ್ ಮೇಲೆ ಹಿಡಿದು ಕ್ಲಿಕ್ ಮಾಡಿದಿರಿ ಎನ್ನಿ. ಗೊಂಬೆಯ ಲೋಕದಲ್ಲಿ ಅದು 17 ಮೀಟರ್, ಅಂದರೆ ಐದನೇ ಮಹಡಿಯಿಂದ ಬಗ್ಗಿ ನೋಡಿದ ಹಾಗೆ. ಎಂಥ ಸೆಟ್ಟು ಹಾಕಿದರೂ ಆ ಎತ್ತರದಿಂದ ಅದು ಆಟಿಕೆಯಾಗಿಯೇ ಕಾಣುತ್ತದೆ.

ಫೋನಿನಲ್ಲಿ ತೆಗೆಯುವವರಿಗೆ ಇದಕ್ಕೊಂದು ಸುಲಭ ಉಪಾಯವಿದೆ. ಫೋನನ್ನು ತಲೆಕೆಳಗು ಮಾಡಿ ನಿಲ್ಲಿಸಿ. ಲೆನ್ಸ್ ಕೆಳಗೆ ಬಂದು ನೆಲಕ್ಕೆ ಹತ್ತಿರವಾಗುತ್ತದೆ, ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಬೇರೇನನ್ನೂ ಮುಟ್ಟದೆ ಇದೊಂದನ್ನೇ ಬದಲಿಸಿ ನೋಡಿ, ಅದೇ ಗೋಡೆ ಆಕಾಶದೆತ್ತರಕ್ಕೆ ಏಳುತ್ತದೆ.

ಆದರೆ ಎಲ್ಲ ಗೇಮಿಗೂ ಕೆಳಗಿನ ನೋಟವೇ ಸರಿ ಎಂದುಕೊಳ್ಳಬೇಡಿ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ಅಲುಗಾಡದೆ ಕೂತಿರುತ್ತದೆ, ಅನೇಕ ಕಡೆ ಸೂರಿನ ಹತ್ತಿರ. 2005ರಲ್ಲಿ ಬಂದ ನಾಲ್ಕನೆಯದರಲ್ಲಿ ಅದು ನಾಯಕನ ಭುಜದ ಹಿಂದಕ್ಕೆ ಬಂತು. ಒಂದೇ ಸರಣಿಯ ಎರಡು ಗೇಮು, ಎರಡಕ್ಕೂ ಬೇರೆ ಬೇರೆ ಜಾಗ. 1993ರ ಡೂಮ್‌ನ ನೋಟ 90 ಡಿಗ್ರಿ ಅಗಲ. ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಷ್ಟು ಅಗಲ ಬೇಕೆಂದರೆ 18 ಮಿಲಿಮೀಟರ್ ಲೆನ್ಸ್ ಬೇಕು, ಫೋನಿನಲ್ಲಾದರೆ ಅಲ್ಟ್ರಾವೈಡ್ ಲೆನ್ಸ್. 1985ರ ಸೂಪರ್ ಮಾರಿಯೊ ಬ್ರದರ್ಸ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬುದೇ ಇಲ್ಲ. ಅಂಥ ಗೇಮಿಗೆ ದೂರ ಸರಿದು ನಿಂತು ಜೂಮ್ ಮಾಡಿ ತೆಗೆಯಬೇಕು, ಆಗ ದೃಶ್ಯ ಚಪ್ಪಟೆಯಾಗುತ್ತದೆ.

ಇನ್ನು ಮಸುಕಿನ ವಿಷಯ. ಹಿನ್ನೆಲೆ ಬ್ಲರ್ ಆದಷ್ಟೂ ಫೋಟೊ ಚೆಂದ ಎಂಬ ನಂಬಿಕೆ ಈ ಕೆಲಸದಲ್ಲಿ ಕೈಕೊಡುತ್ತದೆ. ವಿಪರೀತ ಬ್ಲರ್ ಕಂಡರೆ ನಮ್ಮ ಕಣ್ಣು ‘ಇದು ಪುಟ್ಟ ವಸ್ತು’ ಎಂದೇ ಓದಿಕೊಳ್ಳುತ್ತದೆ. ನಿಜವಾದ ಊರಿನ ಫೋಟೊದ ಮೇಲೆ ಕೆಳಗೆ ಮಸುಕು ಮಾಡಿ ಊರನ್ನೇ ಆಟಿಕೆಯಂತೆ ತೋರಿಸುತ್ತಾರಲ್ಲ, ಅದೂ ಇದೇ ಗುಟ್ಟು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಗೊಂಬೆ ಚೌಕಟ್ಟಿನ ಎತ್ತರದ ಐದರಲ್ಲಿ ಎರಡು ಪಾಲು ತುಂಬಿದಾಗ, ಲೆನ್ಸಿನ ಕಿಂಡಿ ಅಗಲವಾಗಿ ತೆರೆದ ಎಫ್ 2.8ರಲ್ಲಿ ಸ್ಪಷ್ಟವಾಗಿರುವ ಆಳ ಸುಮಾರು 3 ಮಿಲಿಮೀಟರ್ ಮಾತ್ರ. ಕಿಂಡಿ ಕಿರಿದಾಗಿಸಿ ಎಫ್ 11ಕ್ಕೆ ಹೋದರೆ 13 ಮಿಲಿಮೀಟರ್ ಸಿಗುತ್ತದೆ. ಫೋನಿನ ಸೆನ್ಸರ್ ಚಿಕ್ಕದಾದ್ದರಿಂದ ಆಳ ತಾನಾಗಿಯೇ ಹೆಚ್ಚು. ದುಬಾರಿ ಕ್ಯಾಮೆರಾ ಇಲ್ಲವೆಂದು ಕೊರಗುವವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಹಿನ್ನೆಲೆಯನ್ನು ತಾನೇ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಮಾತ್ರ ಆಫ್ ಮಾಡಿ.

2010ರಲ್ಲಿ ಬಂದ ಲಿಂಬೊ ಎಂಬ ಗೇಮು ನನಗೆ ಅಚ್ಚುಮೆಚ್ಚು. ಕಪ್ಪು-ಬಿಳುಪಿನ ಕಾಡು, ನೆರಳಿನಂಥ ಒಬ್ಬ ಹುಡುಗ, ಹೊಳೆಯುವ ಎರಡು ಬಿಳಿ ಕಣ್ಣು. ಅದನ್ನು ಕಟ್ಟಲು ಕೂತಾಗ ಬೆಳಕೆಲ್ಲ ಹಿಂದಿನಿಂದ ಬರಬೇಕು ಎಂಬುದು ಸುಲಭವಾಗಿ ಹೊಳೆಯಿತು. ಒಂದು ಲ್ಯಾಂಪು, ಅದರ ಮುಂದೆ ಟ್ರೇಸಿಂಗ್ ಪೇಪರ್, ಅದರ ಮುಂದೆ ಒಣಕಡ್ಡಿಗಳು, ಕಡ್ಡಿಗಳ ಮುಂದೆ ಗೊಂಬೆ. ಹುಡುಗನೂ ಮರಗಳೂ ಒಂದೇ ಸಮ ಕಪ್ಪಾದವು, ಮಂಜು ಎಲ್ಲೂ ಇಲ್ಲ. ಕಡ್ಡಿಗಳನ್ನು ಮೂರು ಸಾಲು ಮಾಡಿ, ಸಾಲು ಸಾಲಿನ ನಡುವೆ ಒಂದೊಂದು ಟ್ರೇಸಿಂಗ್ ಪೇಪರ್ ನಿಲ್ಲಿಸಿದ ಮೇಲೆ ಕಾಡಿಗೆ ಜೀವ ಬಂತು. ಮೊದಲ ಸಾಲು ಕಡುಗಪ್ಪು, ಎರಡನೆಯದು ಬೂದು, ಹಿಂದಿನದು ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಕಡ್ಡಿ ಪೇಪರಿಗೆ ತಾಗುವಂತಿದ್ದರೆ ಅಂಚು ಉಳಿಯುತ್ತದೆ, ಎರಡು ಬೆರಳು ಹಿಂದೆ ಸರಿಸಿದರೆ ಕರಗುತ್ತದೆ. ಕಣ್ಣಿಗೆ ಕಪ್ಪು ತಲೆಯ ಮೇಲೆ ಸೂಜಿಮೊನೆಯಿಂದ ಬಿಳಿ ಬಣ್ಣದ ಎರಡು ಚುಕ್ಕೆ ಇಟ್ಟು, ಮುಂದಿನಿಂದ ತೀರಾ ಸಣ್ಣ ಬೆಳಕು ಬಿಟ್ಟೆ. ಹುಡುಗ ಪಕ್ಕಕ್ಕೆ ತಿರುಗಿ ನಿಂತಿರುತ್ತಾನೆ, ಹಾಗೇ ಬಿಟ್ಟರೆ ಕಣ್ಣು ಕಾಣುವುದಿಲ್ಲ; ತಲೆಯನ್ನಷ್ಟೇ ಅರ್ಧ ಕ್ಯಾಮೆರಾ ಕಡೆಗೆ ತಿರುಗಿಸಬೇಕಾಯಿತು.

ಬೆಳಕಿನ ಬಗ್ಗೆ ಇನ್ನೊಂದು ಮಾತು. ಬೆಳಕಿನ ಬಿಂದುವಿನಿಂದ ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರನೇ ಒಂದು ಭಾಗಕ್ಕಿಳಿಯುತ್ತದೆ. ಸಣ್ಣ ಎಲ್‌ಇಡಿಯನ್ನು ಗೊಂಬೆಯಿಂದ 5 ಸೆಂಟಿಮೀಟರಿಗೆ ಇಟ್ಟರೆ, 20 ಸೆಂಟಿಮೀಟರ್ ದೂರದ ಗೋಡೆ ತಾನಾಗಿಯೇ ಕತ್ತಲಾಗುತ್ತದೆ. ಗುಹೆ, ನೆಲಮಾಳಿಗೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಕೋಣೆಯ ದೀಪ ಆರಿಸಿರಬೇಕು, ಅಷ್ಟೇ.

ಗೊಂಬೆಯ ಭಂಗಿಯೂ ಕಾಡಿಸುತ್ತದೆ. ಮಿನಿಫಿಗರ್‌ಗೆ ಮೊಣಕಾಲಿಲ್ಲ, ಮೊಣಕೈ ಮಡಚುವುದಿಲ್ಲ, ಕತ್ತು ಅಕ್ಕಪಕ್ಕ ತಿರುಗುತ್ತದೆಯೇ ಹೊರತು ಮೇಲೆತ್ತಲು ಬರುವುದಿಲ್ಲ. ಶ್ಯಾಡೊ ಆಫ್ ದಿ ಕೊಲೊಸಸ್‌ನಲ್ಲಿ ಬೆಟ್ಟದಂಥ ಜೀವಿಯನ್ನು ಹುಡುಗ ತಲೆಯೆತ್ತಿ ನೋಡುವ ದೃಶ್ಯ ಬೇಕೆಂದರೆ ಇಡೀ ಮೈಯನ್ನೇ ಹಿಂದಕ್ಕೆ ವಾಲಿಸಬೇಕು. ಹಿಮ್ಮಡಿಯ ಕೆಳಗೆ ಒಂದು ಚಿಟಿಕೆ ಅಂಟುಮೇಣ ಒತ್ತಿದರೆ ನಿಲ್ಲುತ್ತದೆ. ಓಡುವವನನ್ನು ಮುಂದಕ್ಕೆ ವಾಲಿಸಿ. ನೆಟ್ಟಗೆ ನಿಂತ ಗೊಂಬೆ ಯಾವತ್ತೂ ಅಂಗಡಿಯ ಕಪಾಟಿನಲ್ಲಿದ್ದಂತೆಯೇ ಕಾಣುವುದು.

ನೀರು ಮತ್ತು ಬೆಂಕಿ ನಿಮ್ಮ ಗೊಂಬೆಯ ಜೊತೆ ಚಿಕ್ಕದಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಗೊಂಬೆಯ ತಲೆಯ ಮೇಲೆ ಕೂತ ನಿಜವಾದ ಹನಿ ಅದರ ಮುಖದ ಅರ್ಧದಷ್ಟಿರುತ್ತದೆ, ಮಳೆಯ ಭ್ರಮೆ ಅಲ್ಲಿಗೇ ಒಡೆಯುತ್ತದೆ. ಮೇಣದಬತ್ತಿಯ ಜ್ವಾಲೆ ಗೊಂಬೆಯಷ್ಟೇ ಎತ್ತರವಿರುತ್ತದೆ, ಮೇಲಾಗಿ ಪ್ಲಾಸ್ಟಿಕ್ ಕರಗುವ ಅಪಾಯ ಬೇರೆ. ಶಿಬಿರದ ಬೆಂಕಿಗೆ ಪಾರದರ್ಶಕ ಕಿತ್ತಳೆ ತುಂಡುಗಳ ಅಡಿಯಲ್ಲಿ ಎಲ್‌ಇಡಿ ಇಡುವುದೇ ಮೇಲು.

ಕೊನೆಗೆ, ಕ್ಲಿಕ್ ಮಾಡುವ ಮೊದಲು ಮೃದುವಾದ ಪೇಂಟಿಂಗ್ ಬ್ರಷ್‌ನಿಂದ ಗೊಂಬೆಯನ್ನೊಮ್ಮೆ ಸವರಿ. ಭುಜದ ಮೇಲೆ ಬಿದ್ದ ಒಂದೇ ಒಂದು ಕೂದಲೆಳೆ ಆ ಲೋಕದಲ್ಲಿ 3 ಮಿಲಿಮೀಟರ್ ದಪ್ಪದ ದಾರ.