ಲೋರಾವಾನ್ ನೀರಿನ ಮೀಟರ್ ಜಾಲ: ದೂರದ ಲೆಕ್ಕ, ಸಂಖ್ಯೆಯ ಲೆಕ್ಕ

ಲೋರಾವಾನ್ ಎಂದರೆ ಕಡಿಮೆ ವಿದ್ಯುತ್ತಿನಲ್ಲಿ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ ಜಾಲ, ಮೀಟರ್‌ಗಳ ಸಂದೇಶ ಹಿಡಿದು ಸರ್ವರ್‌ಗೆ ದಾಟಿಸುವ ಪೆಟ್ಟಿಗೆಯೇ ಗೇಟ್‌ವೇ. ಒಂದು ಗೇಟ್‌ವೇ ಎಷ್ಟು ದೂರ ಮುಟ್ಟುತ್ತದೆ, ಎಷ್ಟು ನೀರಿನ ಮೀಟರ್‌ಗಳನ್ನು ತಾಳುತ್ತದೆ ಎಂಬುದನ್ನು ಬೇರೆ ಬೇರೆ ಲೆಕ್ಕ ಹಾಕಬೇಡಿ. ಎರಡನ್ನೂ ನಿರ್ಧರಿಸುವುದು ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಎಸ್‌ಎಫ್: ಸಂದೇಶವನ್ನು ಎಷ್ಟು ನಿಧಾನವಾಗಿ ಹರಡಿ ಕಳಿಸುತ್ತೇವೆ ಎಂಬ ಅಂಕಿ. ಅದು ಹೆಚ್ಚಿದಷ್ಟೂ ದೂರ ಹೆಚ್ಚು, ತಗಲುವ ಸಮಯವೂ ಹೆಚ್ಚು.

ಮೊದಲು ದೂರ. 125 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ, ರಿಸೀವರ್‌ನ ನಾಯ್ಸ್ ಫಿಗರ್ (ರಿಸೀವರ್ ತಾನೇ ಸೇರಿಸುವ ಗದ್ದಲ) 6 ಡಿಬಿ ಎಂದು ಹಿಡಿದರೆ, ಗದ್ದಲದ ಮಟ್ಟ –117 ಡಿಬಿಎಂ (ಡಿಬಿ ಎಂದರೆ ಸಂಕೇತ ಎಷ್ಟು ಪಟ್ಟು ಏರಿತು, ಇಳಿಯಿತು ಎಂಬ ಅಳತೆ, ಡಿಬಿಎಂ ಎಂದರೆ 1 ಮಿಲಿವ್ಯಾಟ್‌ಗೆ ಹೋಲಿಸಿದ ಶಕ್ತಿ). ಎಸ್‌ಎಫ್10ಕ್ಕೆ ಬೇಕಾದ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಂಕೇತದ ಬಲ) –15 ಡಿಬಿ, ಹಾಗಾಗಿ ಸಂಕೇತ –132 ಡಿಬಿಎಂವರೆಗೆ ಕುಗ್ಗಿದರೂ ನಡೆಯುತ್ತದೆ. ಮೀಟರ್‌ನ ಪವರ್ 14 ಡಿಬಿಎಂ, ಅದರ ಆಂಟೆನಾ –2, ಗೇಟ್‌ವೇ ಆಂಟೆನಾ +6, ಕೇಬಲ್ ನಷ್ಟ 2 ಡಿಬಿ ಇಟ್ಟುಕೊಳ್ಳಿ. ಒಟ್ಟು 148 ಡಿಬಿ ನಷ್ಟವನ್ನು ತಡೆದುಕೊಳ್ಳಬಹುದು. ಗೇಟ್‌ವೇ 30 ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕ್ ಮೇಲಿದ್ದರೆ, ಹಾಟಾ ಸೂತ್ರದ (ನಗರದಲ್ಲಿ ದೂರ ಹೆಚ್ಚಿದಂತೆ ಸಂಕೇತ ಎಷ್ಟು ಕುಗ್ಗುತ್ತದೆ ಎಂದು ಅಂದಾಜಿಸುವ ಸೂತ್ರ) ಪ್ರಕಾರ ನಮ್ಮ ದೇಶದ 865–868 ಮೆಗಾಹರ್ಟ್ಸ್‌ನಲ್ಲಿ ಇದು ಸುಮಾರು 4.2 ಕಿ.ಮೀ.

ಆದರೆ ಮೀಟರ್ ಇರುವುದು ಗುಂಡಿಯಲ್ಲಿ, ಮೇಲೆ ಕಬ್ಬಿಣದ ಮುಚ್ಚಳ. ಅದಕ್ಕೆ 20 ಡಿಬಿ ಕಳೆಯಿರಿ. ಕಟ್ಟಡಗಳ ಮರೆಯಿಂದ ಆಗುವ ಏರಿಳಿತದ ಸಿಗ್ಮಾ (ಸರಾಸರಿಯಿಂದ ಎಷ್ಟು ಹರಡಿದೆ ಎಂಬ ಅಳತೆ) 8 ಡಿಬಿ ಎಂದರೆ, ವ್ಯಾಪ್ತಿಯ ಅಂಚಿನಲ್ಲೂ 90% ಖಾತ್ರಿ ಬೇಕೆಂದು ಇನ್ನೂ 10 ಕಳೆಯಿರಿ. ಉಳಿಯುವುದು 118 ಡಿಬಿ, ಅಂದರೆ ಬರೀ 600 ಮೀಟರ್! ವಿಸ್ತೀರ್ಣ ಸುಮಾರು ಐವತ್ತನೇ ಒಂದು ಭಾಗಕ್ಕೆ ಇಳಿಯಿತು. ಹಾಟಾ ಸೂತ್ರ ಮಾಡಿದ್ದೇ 1 ಕಿ.ಮೀ. ಮೇಲಿನ ದೂರಕ್ಕೆ, ಆದ್ದರಿಂದ ಈ 600ನ್ನು ಅಂದಾಜಾಗಿ ಮಾತ್ರ ಬಳಸಿ.

"ಎಸ್‌ಎಫ್12ಕ್ಕೆ ಹೋದರೆ 5 ಡಿಬಿ ಸಿಗುತ್ತದಲ್ಲ" ಎಂದು ಅನ್ನಿಸುವುದು ಸಹಜ. ಅದರ ಬೆಲೆ ನೋಡಿ. 20 ಬೈಟ್ ಮಾಹಿತಿ, 13 ಬೈಟ್ ಹೆಡರ್ ಸೇರಿದ ಒಂದು ಸಂದೇಶ ಗಾಳಿಯಲ್ಲಿ ಇರುವ ಸಮಯ ಎಸ್‌ಎಫ್7ರಲ್ಲಿ 72 ಮಿಲಿಸೆಕೆಂಡ್, ಎಸ್‌ಎಫ್10ರಲ್ಲಿ 453, ಎಸ್‌ಎಫ್12ರಲ್ಲಿ 1,810. ಮೀಟರ್‌ಗಳು ಒಂದನ್ನೊಂದು ಕೇಳದೆ ಮಾತಾಡುವುದರಿಂದ ಇಲ್ಲಿ ಅಲೋಹಾ ಲೆಕ್ಕವೇ (ಯಾರು ಯಾವಾಗ ಬೇಕಾದರೂ ಕಳಿಸಿದರೆ ಎಷ್ಟು ಸಂದೇಶ ಡಿಕ್ಕಿಯಾಗುತ್ತದೆ ಎಂಬ ಲೆಕ್ಕ) ನಡೆಯುತ್ತದೆ: 90% ಸಂದೇಶ ಡಿಕ್ಕಿಯಿಲ್ಲದೆ ತಲುಪಬೇಕಾದರೆ ಒಂದು ಚಾನೆಲ್‌ನಲ್ಲಿ, ಒಂದು ಎಸ್‌ಎಫ್‌ನಲ್ಲಿ, ಒಟ್ಟು ಸಮಯದ 5.3% ಮಾತ್ರ ತುಂಬಬಹುದು. ಗಂಟೆಗೊಂದು ಸಂದೇಶವಾದರೆ, ಚಾನೆಲ್ ಒಂದಕ್ಕೆ ಎಸ್‌ಎಫ್7ರಲ್ಲಿ ಸುಮಾರು 2,600 ನೀರಿನ ಮೀಟರ್‌ಗಳು, ಎಸ್‌ಎಫ್10ರಲ್ಲಿ 420, ಎಸ್‌ಎಫ್12ರಲ್ಲಿ ಬರೀ 105. ಬ್ಯಾಟರಿ ಸವೆತ ಬೇರೆ. ಅಂಚನ್ನು ಎಸ್‌ಎಫ್10ಕ್ಕೇ ನಿಲ್ಲಿಸಿ ಗೇಟ್‌ವೇ ಹೆಚ್ಚಿಸುವುದೇ ಸರಿ ಎಂದು ನಾನು ಹೇಳುವುದು ಇದಕ್ಕೇ. ಹತ್ತಿರದ ಗೇಟ್‌ವೇ ಸಿಕ್ಕ ಮೀಟರ್‌ಗಳನ್ನು ಎಡಿಆರ್ (ಸಂಕೇತದ ಬಲ ನೋಡಿ ಎಸ್‌ಎಫ್ ತಾನಾಗಿ ಬದಲಿಸುವ ವ್ಯವಸ್ಥೆ) ಕೆಳಗಿನ ಎಸ್‌ಎಫ್‌ಗೆ ಇಳಿಸುತ್ತದೆ, ಸಾಮರ್ಥ್ಯ ತಾನಾಗಿ ಏರುತ್ತದೆ.

ಎಂಟು ಚಾನೆಲ್‌ನ ಗೇಟ್‌ವೇ ಎಂದು ಎಂಟರಿಂದ ಗುಣಿಸುವ ಮೊದಲು ಸರ್ವರ್ ಸೆಟ್ಟಿಂಗ್ ನೋಡಿ. ಐಎನ್865 ಎಂಬ, ಭಾರತಕ್ಕಾಗಿ ಇರುವ ಲೋರಾವಾನ್ ಚಾನೆಲ್ ಯೋಜನೆಯಲ್ಲಿ ಮೊದಲೇ ಇರುವ ಚಾನೆಲ್ ಮೂರೇ, ಉಳಿದವನ್ನು ನಾವೇ ಸೇರಿಸಬೇಕು. ಎಲ್ಲ ಮೀಟರ್‌ಗಳೂ ಗಂಟೆ ಬಡಿದೊಡನೆ ಒಟ್ಟಿಗೆ ಕಳಿಸಿದರೂ ಮೇಲಿನ ಲೆಕ್ಕ ಕೆಡುತ್ತದೆ, ಕಳಿಸುವ ಹೊತ್ತು ಯಾದೃಚ್ಛಿಕವಾಗಿ ಚದುರಿರಬೇಕು. ಪ್ರತಿ ಸಂದೇಶಕ್ಕೂ ಸ್ವೀಕೃತಿ ಕೇಳಬೇಡಿ: ಗೇಟ್‌ವೇ ಉತ್ತರ ಕೊಡುವಾಗ ಅದಕ್ಕೆ ಏನೂ ಕೇಳಿಸುವುದಿಲ್ಲ.

ಅದೇ 20 ಬೈಟ್‌ನಲ್ಲಿ ಈಗಿನ ರೀಡಿಂಗ್‌ಗೆ 4, ಹಿಂದಿನ ಏಳು ಗಂಟೆಗಳ ವ್ಯತ್ಯಾಸಕ್ಕೆ 14, ಸ್ಥಿತಿಗೆ 2 ಬೈಟ್ ಕೊಡಿ. ನಾಲ್ಕು ಗಂಟೆಗೊಮ್ಮೆ ಕಳಿಸಿದರೆ ಪ್ರತಿ ರೀಡಿಂಗ್ ಎರಡು ಸಲ ಹೋಗುತ್ತದೆ. ಒಂದು ಸಂದೇಶ ಕಳೆದರೂ ಲೆಕ್ಕ ತಪ್ಪದು, ಸಾಮರ್ಥ್ಯವೂ ನಾಲ್ಕು ಪಟ್ಟು.

ಕೊನೆಗೆ ಸ್ಥಳ ಪರೀಕ್ಷೆ. ಮೀಟರನ್ನು ಗುಂಡಿಯಲ್ಲಿಟ್ಟು, ಮುಚ್ಚಳ ಹಾಕಿಯೇ, ಎಸ್‌ಎಫ್10ರಲ್ಲಿ 50 ಸಂದೇಶ ಕಳಿಸಿ, ಬಂದದ್ದನ್ನು ಎಣಿಸಿ. ಅಂಚಿನಲ್ಲಿ ಆರ್‌ಎಸ್‌ಎಸ್‌ಐ (ರಿಸೀವರ್‌ಗೆ ಬಂದ ಒಟ್ಟು ಶಕ್ತಿ) ನಂಬಬೇಡಿ, ಎಸ್‌ಎನ್‌ಆರ್ ನೋಡಿ. ಅದು –10 ಡಿಬಿಗಿಂತ ಕೆಳಗಿದ್ದರೆ, ಮಳೆಗಾಲದಲ್ಲಿ ಗುಂಡಿ ತುಂಬಿದಾಗ ಆ ಮೀಟರ್ ಕೈಕೊಡುತ್ತದೆ. ಆ ಬೀದಿಗೆ ಇನ್ನೊಂದು ಗೇಟ್‌ವೇ ಬೇಕು.