ಆಲೂಗಡ್ಡೆಯ ಹೋಳು ತೇಲುತ್ತದೆಯೇ?

‘ಸಾಂದ್ರತೆ ಎಂದರೇನು?’ ಎಂದರೆ ‘ರಾಶಿ ಭಾಗಿಸು ಗಾತ್ರ’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅದೇ ಮಕ್ಕಳಿಗೆ ನೀರಿನಲ್ಲಿ ಮುಳುಗಿದ ಆಲೂಗಡ್ಡೆ ತೋರಿಸಿ, ಅದರದೇ ಸಣ್ಣ ಹೋಳು ಹಾಕಿದರೆ ಏನಾಗುತ್ತದೆ ಎಂದು ಕೇಳಿ. ‘ತೇಲುತ್ತೆ ಮಿಸ್, ಹಗುರ ಅಲ್ವಾ!’ ಎನ್ನುವವರು ಬಹಳ. ಸೂತ್ರ ಬಾಯಲ್ಲಿದೆ, ನಂಬಿಕೆ ಬೇರೆಯೇ ಇದೆ. ಕಲಿಯುವವರಿಗೆ ಮೊದಲೇ ಏನು ಗೊತ್ತಿದೆ ಎಂಬುದೇ ಕಲಿಕೆಯನ್ನು ಎಲ್ಲಕ್ಕಿಂತ ಹೆಚ್ಚು ಪ್ರಭಾವಿಸುತ್ತದೆ ಎಂದು ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1968ರಲ್ಲೇ ಬರೆದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಪ್ಪಿಕೊಂಡ ರಚನಾವಾದದ, ಅಂದರೆ ಮಕ್ಕಳು ತಮ್ಮ ತಿಳಿವನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂಬ ವಿಚಾರದ, ತಿರುಳೂ ಇದೇ.

ಹಾಸನದ ಸುತ್ತಮುತ್ತ ಈ ಪಾಠಕ್ಕೆ ಆಲೂಗಡ್ಡೆಗಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ಐದು ಮಕ್ಕಳ ತಂಡಕ್ಕೆ ಪಾರದರ್ಶಕ ಡಬ್ಬದಲ್ಲಿ ಅರ್ಧ ಲೀಟರ್ ನೀರು, ನಿಂಬೆಹಣ್ಣಿನಷ್ಟು ದೊಡ್ಡ ಆಲೂಗಡ್ಡೆ, 100 ಗ್ರಾಂ ಪುಡಿ ಉಪ್ಪು, ಒಂದು ಡಿಜಿಟಲ್ ತಕ್ಕಡಿ ಸಾಕು. ಹೋಳು ನೀರಿಗೆ ಬೀಳುವ ಮುಂಚೆ ಪ್ರತಿ ಮಗುವೂ ತನ್ನ ಊಹೆಯನ್ನೂ ಕಾರಣವನ್ನೂ ಬರೆಯಲೇಬೇಕು. ಬಾಯಲ್ಲಿ ಕೇಳಿದರೆ ತರಗತಿಯ ಜಾಣ ಹೇಳಿದ್ದಕ್ಕೇ ಎಲ್ಲರೂ ಕೈಯೆತ್ತುತ್ತಾರೆ, ಪಾಠ ಅಲ್ಲೇ ಕೆಡುತ್ತದೆ.

ಅರ್ಧಕ್ಕೆ ಕೊಯ್ದ ಗಡ್ಡೆ ಮುಳುಗುತ್ತದೆ, ಕಡಲೆಯಷ್ಟು ಚೂರೂ ಮುಳುಗುತ್ತದೆ. ಈಗ ಇಡೀ ಗಡ್ಡೆಯಿರುವ ನೀರಿಗೆ ಹತ್ತು ಹತ್ತು ಗ್ರಾಂ ಉಪ್ಪು ಹಾಕಿ ಕದಡುತ್ತಾ ಹೋಗಲಿ. ನೀರಿನ ಸಾಂದ್ರತೆ 1 ಎಂದುಕೊಂಡರೆ ಆಲೂಗಡ್ಡೆಯದು ಸಾಮಾನ್ಯವಾಗಿ 1.06ರಿಂದ 1.10ರ ಆಸುಪಾಸು, ಹಾಗಾಗಿ 40ರಿಂದ 80 ಗ್ರಾಂ ಒಳಗೆ ಗಡ್ಡೆ ಮೆಲ್ಲಗೆ ತಳ ಬಿಟ್ಟು ಮೇಲೇಳುತ್ತದೆ. ಏಳದಿದ್ದರೆ ತಳ ನೋಡಿ: ಕರಗದ ಉಪ್ಪು ಅಲ್ಲೇ ಕೂತಿರುತ್ತದೆ. ಹರಳುಪ್ಪಾದರೆ ಇನ್ನೂ ತಡ. ಬರಿ ನೀರಿನಲ್ಲೇ ಗಡ್ಡೆ ತೇಲಿದರೆ ಕೊಯ್ದು ನೋಡಿ, ಒಳಗೆ ಟೊಳ್ಳಿರಬಹುದು.

ಇಲ್ಲಿಗೇ ನಿಲ್ಲಿಸಿದರೆ ಅದು ಬರಿ ಚಟುವಟಿಕೆ. ‘ಉಪ್ಪು ನೀರಿಗೆ ಶಕ್ತಿ ಕೊಡ್ತು’ ಎಂದು ಯಾವುದೋ ಮಗು ಹೇಳುತ್ತದೆ. ತಪ್ಪು ಎನ್ನಬೇಡಿ. ‘ಶಕ್ತಿ ಅಂದ್ರೆ ಏನು? ಅಳೆದು ತೋರಿಸ್ತೀಯಾ?’ ಎಂದು ಕೇಳಿ. 200 ಮಿಲಿಲೀಟರ್ ಬಾಟಲಿಗೆ ಒಮ್ಮೆ ಬರಿ ನೀರು, ಒಮ್ಮೆ ಆ ಉಪ್ಪುನೀರು ತುಂಬಿ ತೂಗಿಸಿ. ಬಾಟಲಿಯ ತೂಕ ಕಳೆದರೆ ಮೊದಲನೆಯದು ಸುಮಾರು 200 ಗ್ರಾಂ. ಅರ್ಧ ಲೀಟರ್‌ಗೆ 60 ಗ್ರಾಂ ಉಪ್ಪು ಹಾಕಿದ್ದರೆ ಎರಡನೆಯದು ಸುಮಾರು 215. ಅಷ್ಟೇ ಜಾಗ, ಹೆಚ್ಚು ತೂಕ! ಇದನ್ನು ಮಕ್ಕಳೇ ತಮ್ಮ ಮಾತಲ್ಲಿ ಹೇಳಿದ ಮೇಲೆ ಮಾತ್ರ ‘ಸಾಂದ್ರತೆ’ ಎಂಬ ಪದವನ್ನು ಹಲಗೆಯ ಮೇಲೆ ಬರೆಯಿರಿ. ಇದಕ್ಕೆ ಎರಡು ಪೀರಿಯಡ್ ಬೇಕು, ಒಂದರಲ್ಲಿ ಮುಗಿಸಲು ಹೋಗಬೇಡಿ.

ಮನೆಯಲ್ಲಿ ಕಂಡದ್ದೂ ಆಗ ತಾನಾಗಿ ಬಾಯಿಗೆ ಬರುತ್ತದೆ: ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುವ ಮುಂಚೆ ನೀರಿಗೆ ಸುರಿದು ತೇಲುವ ಕಾಫಿ ಹಣ್ಣು ತೆಗೆಯುವುದು, ಮೊಟ್ಟೆ ತೇಲುವಷ್ಟು ಉಪ್ಪು ಹಾಕಿ ಬಿತ್ತನೆ ಭತ್ತದ ಜೊಳ್ಳು ಬೇರೆ ಮಾಡುವುದು. ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವ ಬದಲು ಹೀಗೆ ಕೇಳಿ: ಬರಿ ನೀರಿನಲ್ಲಿ ಮುಳುಗಿದ ಭತ್ತದ ಕಾಳು ಉಪ್ಪುನೀರಿನಲ್ಲಿ ತೇಲಿತು. ಅದನ್ನು ಬಿತ್ತುತ್ತೀಯಾ? ಯಾಕೆ?